ಹಿಂದಿನ ಸೀಟಿನ ವಿದ್ಯಾರ್ಥಿನಿ

೧೯೯೭ರಲ್ಲಿ ನಾನು ಓದು ನಿಲ್ಲಿಸಿದೆ, ಒಂಬತ್ತನೆಯ ತರಗತಿಯ ಅರ್ಧದಲ್ಲಿ. ಯಾರೂ ಬಿಡಿಸಲಿಲ್ಲ. ಗದಗಿನ ಲಾರಿ ಸ್ಟ್ಯಾಂಡಿನಲ್ಲಿ ಕ್ಲೀನರ್ ಕೆಲಸ ಸಿಕ್ಕಿತು, ನನಗೆ ಅದೇ ಹಿಡಿಸಿತು, ಹೋದೆ. ಅದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಸ್ಟೇರಿಂಗ್ ಹಿಡಿದು ದುಡಿದಿದ್ದೇನೆ, ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ನಾನು ಬರೆಯಹೊರಟಿರುವುದು ಐವತ್ತು ದಾಟಿದ ಮೇಲೆ ಕಾಲೇಜಿಗೆ ಹೋದ ಒಬ್ಬ ಹೆಂಗಸಿನ ಬಗ್ಗೆ. ಓದದೆ ಕೆಟ್ಟೆ ಎನ್ನುವ ಅಳಲನ್ನು ಇದರಲ್ಲಿ ಹುಡುಕಬೇಡಿ.

ಅವರ ಮುಖವನ್ನು ನಾನು ನೋಡಿಲ್ಲ. ಬಹುಕಾಲ ನೋಡಿದ್ದು ಬಲಗೈಯೊಂದನ್ನೇ. ದುಂಡಗಿನ, ಗಿಡ್ಡ ಬೆರಳುಗಳ ಕೈ. ಬೆರಳ ತುದಿಗಳೆಲ್ಲ ಮೊದಲ ಗೆಣ್ಣಿನವರೆಗೆ ಮೆಹಂದಿಯಿಂದ ಕಂದುಗಪ್ಪು. ಮಣಿಕಟ್ಟಿನ ಒಳಗೆ ರೊಟ್ಟಿಯ ಹಂಚು ತಾಗಿದ ಹಳೆಯ ಸುಟ್ಟ ಕಲೆ. ಉಂಗುರದ ಬೆರಳಿನಲ್ಲಿ ನೀಲಿ ಕಲ್ಲಿನ ಬೆಳ್ಳಿಯುಂಗುರ, ಮಾಂಸದೊಳಗೆ ಹೂತುಹೋಗಿ ಇನ್ನೆಂದೂ ಹೊರಬರಲಾರದ್ದು. ಆ ಕೈ ಎರಡು ಸೀಟುಗಳ ನಡುವಿನಿಂದ ಮುಂದೆ ಬರುತ್ತಿತ್ತು. ಒಮ್ಮೆ ಖರ್ಜೂರ, ಒಮ್ಮೆ ಕಾಗದದ ಲೋಟದಲ್ಲಿ ಕರಕ್ ಚಹಾ, ಒಮ್ಮೆ ಬರೆಯದೆ ಮುಷ್ಕರ ಹೂಡಿದ ಪೆನ್ನು: "ಇದನ್ನು ಸರಿಮಾಡು, ನೀನು ಮೆಕ್ಯಾನಿಕ್ ಅಲ್ಲವಾ?"

ನಾನು ದೋಹಾದ ಮುಐದರ್‌ನ ಒಂದು ಮನೆಯಲ್ಲಿ ಡ್ರೈವರ್ ಆಗಿದ್ದೆ. ಮನೆಯೊಡತಿಯನ್ನು ಇಲ್ಲಿಯ ಡ್ರೈವರ್‌ಗಳೆಲ್ಲ 'ಮಾಮಾ', ಎಂದರೆ ಅಮ್ಮ, ಎನ್ನುತ್ತಾರೆ. ಫೋನಿನಲ್ಲಿ ನಾನು "ಮಾಮಾನ್ನ ಕಾಲೇಜಿಗೆ ಬಿಟ್ಟು ಬಂದೆ" ಎಂದಾಗಲೆಲ್ಲ ಹೆಂಡತಿ, "ಅಲ್ರಿ, ನಿಮ್ಮ ಮಾಮಾಗ ವಯಸ್ಸೆಷ್ಟರೀ, ಇನ್ನೂ ಕಾಲೇಜಾ?" ಎಂದು ನಗುತ್ತಿದ್ದಳು. ನಾನು ಆ ಮನೆಗೆ ಸೇರಿದ ದಿನ ನನಗಿಂತ ಮೊದಲಿದ್ದ ಡ್ರೈವರ್ ಕಲಿಸಿದ ಮೊದಲ ಪಾಠ ಗೇರಿನದೂ ಅಲ್ಲ, ರಸ್ತೆಯದೂ ಅಲ್ಲ. ಹೆಂಗಸರು ಹಿಂದೆ ಕೂತರೆ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿ ಗಾಡಿಯ ಸೂರು ಕಾಣುವ ಹಾಗೆ ಇಡಬೇಕು ಎಂಬುದು. ಬಾಗಿಲು ಹಾಕಿದ ಸದ್ದು, ಆಮೇಲೆ "ಯಲ್ಲಾ" ಎನ್ನುವ ಮಾತು. ಅಷ್ಟು ಕೇಳಿದರೆ ಗಾಡಿ ಬಿಡಬೇಕು. ತಿರುಗಿ ನೋಡುವ ಹಾಗಿಲ್ಲ. ವರ್ಷಗಟ್ಟಲೆ ನಾನು ಗಾಡಿ ಓಡಿಸಿದ್ದು ಹಾಗೆಯೇ.

ಮಾಮಾ ಮತ್ತು ನಾನು ಆಡುತ್ತಿದ್ದುದು ಅರ್ಧ ಹಿಂದಿ, ಕಾಲು ಅರಬ್ಬಿ. ಅವರ ಹಿಂದಿ ಸಿನಿಮಾದಿಂದ ಬಂದದ್ದು, ನನ್ನ ಅರಬ್ಬಿ ಬೈಗುಳದಿಂದ. ಉಳಿದ ಕಾಲು ಭಾಗ ಊಹೆ. ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮದುವೆ ನಿಶ್ಚಯವಾದ ವರ್ಷವೇ ಅವರ ಶಾಲೆ ನಿಂತಿತ್ತು. ಗಂಡ ತೀರಿಕೊಂಡರು, ಕಿರಿಯ ಮಗಳ ಮದುವೆಯೂ ಆಯಿತು. ಆಮೇಲೆ ಅವರು ದೊಡ್ಡವರ ಶಾಲೆಯಲ್ಲಿ ಕೂತು ಸೆಕೆಂಡರಿ ಮುಗಿಸಿದರು, ಅಲ್ಲಿಂದ ಕಾಲೇಜಿಗೆ ಬಂದರು. ನಾವು ಡ್ರೈವರ್‌ಗಳು ಅದಕ್ಕೆ ಬರೀ 'ಕುಲ್ಲಿಯಾ' ಎನ್ನುತ್ತಿದ್ದೆವು. ದೊಡ್ಡ ಕಾಲೇಜು. ಶಾಲೆಯಿಂದ ನೇರ ಬಂದ ಹುಡುಗಿಯರು ಒಂದು ಪಾಲಾದರೆ, ಬದುಕಿನ ಅರ್ಧ ದಾರಿ ಮುಗಿಸಿ ಬಂದವರು ಇನ್ನೊಂದು ಪಾಲು. ಗಂಡಸರ ಕಟ್ಟಡ ಬೇರೆ ಕಡೆ ಇತ್ತು. ಅಲ್ಲಿ ಸಂಜೆಯ ಹೊತ್ತು ಕಚೇರಿಯ ಗುಮಾಸ್ತರು, ಡ್ಯೂಟಿ ಮುಗಿಸಿದ ಪೊಲೀಸರು ಬಡ್ತಿಗಾಗಿ ಓದುತ್ತಿದ್ದರಂತೆ. ನಮ್ಮದು ಹೆಂಗಸರ ಕಟ್ಟಡ.

ಆ ಕಾಲೇಜು ಬರುವ ಮೊದಲು ಸುತ್ತಲಿನ ಬೀದಿಗಳಲ್ಲಿ ಮಧ್ಯಾಹ್ನ ಬೆಕ್ಕುಗಳು ಬಿಟ್ಟರೆ ಯಾರೂ ಓಡಾಡುತ್ತಿರಲಿಲ್ಲ ಎಂದು ಮೂಲೆಯ ಕೆಫೆಟೇರಿಯಾದ ಮಲಯಾಳಿ ಹೇಳುತ್ತಿದ್ದ. ಈಗ ಸಾಲಾಗಿ ಝೆರಾಕ್ಸ್ ಅಂಗಡಿ, ಸ್ಟೇಷನರಿ, ಔಷಧಿ ಅಂಗಡಿ, ಅಬಾಯಾ ಹೊಲಿಯುವವರು. ತರಗತಿ ಶುರುವಾಗುವ ಹೊತ್ತಿಗೆ ಬಿಳಿಯ ದೊಡ್ಡ ಗಾಡಿಗಳ ಸಾಲು ರೌಂಡ್‌ಅಬೌಟಿನವರೆಗೆ ಬೆಳೆಯುತ್ತಿತ್ತು. ದೋಹಾದಲ್ಲಿ ಮನೆಗೊಂದು ಅಂಥ ಗಾಡಿ. ಅದೇ ಮಾದರಿ, ಅದೇ ಬಣ್ಣ, ಹಿಂದಿನ ಗಾಜಿಗೆ ಅದೇ ಕಪ್ಪು ಪರದೆ. ಗೇಟಿನೆದುರಿನ ಒಂದು ಮರದ ನೆರಳಿಗೆ ಡ್ರೈವರ್‌ಗಳು ಜಗಳವಾಡುತ್ತಿದ್ದರು. ಅಲ್ಲೇ ನನಗೆ ಕಾರ್ಕಳದವನ ಪರಿಚಯವಾದದ್ದು. ಅವನೂ ಒಂದು ಮನೆಯ ಡ್ರೈವರ್. ಅವನ ಮಾಮಾ ಓದುತ್ತಿರಲಿಲ್ಲ. ಮಾಮಾನ ಸೊಸೆಯನ್ನು ಬಿಡಲು ಬರುತ್ತಿದ್ದ. ಅವನು ದಿನಾ ಅದನ್ನೇ ಹೇಳುತ್ತಿದ್ದ: "ಈ ಕಾಲೇಜಿನವರು ಮೊದ್ಲು ನಮಗೆ ಡಿಗ್ರಿ ಕೊಡ್ಬೇಕು ಮಾರಾಯ್ರೆ. ಅಟೆಂಡೆನ್ಸ್ ನಮ್ದೇ ಜಾಸ್ತಿ ಉಂಟು."

ಮಾಮಾನ ಒಂದು ಅಭ್ಯಾಸ ನನ್ನ ಸಹನೆಯನ್ನು ಪರೀಕ್ಷಿಸುತ್ತಿತ್ತು. ಕಾಲೇಜು ಬಂದರೂ ಓದುತ್ತಿದ್ದ ಪುಟ ಮುಗಿಯದಿದ್ದರೆ, ಕೈ ಮುಂದೆ ಬಂದು ಗಾಳಿಯಲ್ಲಿ ಒಂದು ಸುತ್ತು ತಿರುಗುತ್ತಿತ್ತು. ಎಂದರೆ, ಇನ್ನೊಂದು ಸಲ ಸುತ್ತು ಹಾಕು. ನಾನು ರೌಂಡ್‌ಅಬೌಟಿಗೆ ಹೋಗಿ ಮತ್ತೆ ಬರುತ್ತಿದ್ದೆ. ಕಷ್ಟದ ಪಾಠವಾದರೆ ನಾಲ್ಕೈದು ಸುತ್ತು. ಗೇಟಿನ ನೇಪಾಳಿ ಕಾವಲುಗಾರ ನಮ್ಮ ಗಾಡಿ ಹಾದಾಗಲೆಲ್ಲ ಸೆಲ್ಯೂಟ್ ಹೊಡೆದು ನಗುತ್ತಿದ್ದ.

ಅವರು ಓದುತ್ತಿದ್ದುದು ಗಟ್ಟಿಯಾಗಿ. ಮನೆಯಲ್ಲಿ ಓದಲು ನಾಚಿಕೆ, ಮೊಮ್ಮಕ್ಕಳು ಅಣಕಿಸುತ್ತವೆ. ಹಾಗಾಗಿ ಗಾಡಿಯೇ ಅವರ ಓದುವ ಕೋಣೆ, ನಾನೇ ಕೇಳುವವನು. ಒಂದು ವರ್ಷ ಅವರಿಗೆ ಅಂಕಿಅಂಶದ ಪಾಠ ಬಂತು. ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಅದಕ್ಕೆ. "ಅರ್ಥವಾಗಿದೆಯೋ ಇಲ್ಲವೋ ನನಗೆ ತಿಳಿಯಬೇಕು. ನಿನಗೆ ಹೇಳುತ್ತೇನೆ. ನಿನಗೆ ಅರ್ಥವಾದರೆ ನನಗೂ ಅರ್ಥವಾದ ಹಾಗೆ" ಎಂದರು. ನನಗೆ ಅದು ಹೊಗಳಿಕೆಯಾಗಿ ಕೇಳಿಸಲಿಲ್ಲ. ಆದರೂ ಕೇಳಿಸಿಕೊಂಡೆ.

"ಈ ಸರಾಸರಿ ಇದೆಯಲ್ಲ, ಇದು ದೊಡ್ಡ ಸುಳ್ಳುಗಾರ" ಎಂದರು ಒಂದು ದಿನ. "ಒಬ್ಬ ಶೇಖ್, ಒಂಬತ್ತು ಡ್ರೈವರ್‌ಗಳು. ಎಲ್ಲರ ಸಂಬಳ ಕೂಡಿಸಿ ಹತ್ತರಿಂದ ಭಾಗಿಸಿದರೆ ಹತ್ತೂ ಜನ ಶ್ರೀಮಂತರು! ಅದಕ್ಕೇ ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ ಮಧ್ಯದವನನ್ನು ಕೇಳಬೇಕು. ಅವನು ನಿಜ ಹೇಳುತ್ತಾನೆ."

"ಮಧ್ಯದವನೂ ಡ್ರೈವರೇ ಆಗುತ್ತಾನಲ್ಲ, ಮಾಮಾ?"

ಹಿಂದಿನ ಸೀಟಿನಲ್ಲಿ ಚಪ್ಪಾಳೆಯ ಸದ್ದು. "ಖಲಾಸ್! ನಿನಗೆ ಅರ್ಥವಾಯಿತು. ನೀನೂ ಓದಬಹುದಲ್ಲ?"

"ನನಗೆ ಗಾಡಿ ಸಾಕು, ಮಾಮಾ."

"ಕೇಳಿದ್ದಕ್ಕೆ ಸಿಟ್ಟಾ?"

"ಇಲ್ಲ."

"ಸಿಟ್ಟು ಬಂದರೆ ನೀನು ಜೋರಾಗಿ ಓಡಿಸುತ್ತೀಯ. ಈಗ ಜೋರಾಗಿ ಹೋಗುತ್ತಿದ್ದೇವೆ. ಶ್ವೈ ಶ್ವೈ, ನಿಧಾನ."

ಇಷ್ಟು ವಯಸ್ಸಾದ ಮೇಲೆ ಇದೆಲ್ಲ ಯಾಕೆ ಎಂದು ನಾನೂ ಒಮ್ಮೆ ಕೇಳಿದ್ದೆ. ಇಲ್ಲಿ ಹೆಂಗಸರನ್ನು ಹಿರಿಮಗನ ಹೆಸರು ಹಿಡಿದು ಅವನ ತಾಯಿ ಎಂದು ಕರೆಯುವುದು ವಾಡಿಕೆ. ಪರಪುರುಷರೆದುರು ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ಮಾಮಾ ಹೇಳಿದರು: "ಮೊದಲು ನಾನು ಅಪ್ಪನ ಮಗಳು. ಆಮೇಲೆ ಇವರ ಹೆಂಡತಿ, ಆಮೇಲೆ ಮಗನ ತಾಯಿ. ಕಾಲೇಜಿನಲ್ಲಿ ಹಾಜರಿ ಹಾಕುವಾಗ ಮೇಡಮ್ಮು ನನ್ನ ಹೆಸರು ಕೂಗುತ್ತಾಳೆ. ಮೊದಲ ದಿನ ಎರಡು ಸಲ ಕೂಗಿದಳು. ಯಾರನ್ನೋ ಕರೆಯುತ್ತಿದ್ದಾಳೆ ಅಂದುಕೊಂಡು ಸುಮ್ಮನೆ ಕೂತಿದ್ದೆ. ಡಿಪ್ಲೊಮಾ ಕೊಡುವ ದಿನ ದೊಡ್ಡ ಸಭೆಯಲ್ಲಿ, ಮೈಕಿನಲ್ಲಿ ಕೂಗುತ್ತಾರಂತೆ. ಅದನ್ನು ಕೇಳಬೇಕು."

ಆ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ.

ಹಿರಿಯ ಮಗನಿಗೆ ಇದು ಸೇರುತ್ತಿರಲಿಲ್ಲ. ಕೆಟ್ಟವನಲ್ಲ, ತಾಯಿಯ ಕೈಗೆ ಮುತ್ತಿಡದೆ ಮನೆಯಿಂದ ಹೊರಡುತ್ತಿರಲಿಲ್ಲ. ಆದರೆ ಗಂಡಸರು ಕೂಡುವ ಮಜ್ಲಿಸ್‌ನಲ್ಲಿ ಸ್ನೇಹಿತರು ನಗುತ್ತಾರೆಂಬುದು ಅವನ ಕಷ್ಟ. "ಏನಾದರೂ ಒಂದು ಮಾತು ಬಂದರೆ ಅಲ್ಲಿಗೆ ಮುಗಿಯಿತು, ಮನೆಯಲ್ಲೇ ಕೂರಬೇಕು" ಎಂದು ಮೊದಲೇ ಷರತ್ತು ಹಾಕಿದ್ದ. ಇದನ್ನು ಮಾಮಾ ನನಗೆ ಹೇಳಿದ್ದು ಎಚ್ಚರಿಕೆಯಾಗಿ: ಒಂದು ನಿಮಿಷ ತಡವಾಗಬಾರದು, ಗಾಡಿಗೆ ಒಂದು ಗೀರು ಬೀಳಬಾರದು.

ಅಂಕಿಅಂಶದ ಕೊನೆಯ ಪರೀಕ್ಷೆ ಮಧ್ಯಾಹ್ನಕ್ಕಿತ್ತು. ನಾವು ಬೇಗನೆ ಹೊರಟೆವು. ದಾರಿಯುದ್ದಕ್ಕೂ ಮಾಮಾ ಸೂತ್ರಗಳನ್ನು ಜಪದಂತೆ ಹೇಳುತ್ತಿದ್ದರು, ಒಂದೂ ತಪ್ಪಲಿಲ್ಲ. ಕಾಲೇಜಿನ ಹತ್ತಿರ ಕ್ಯಾಲ್ಕುಲೇಟರಿನ ಅಂಕಿಗಳು ಮಸುಕಾದವು. "ಹೊಸದು ಕೊಳ್ಳೋಣ, ನಿಲ್ಲಿಸು" ಎಂದರು. ಪರೀಕ್ಷೆಯ ಕೋಣೆಗೆ ಫೋನು ಒಯ್ಯುವ ಹಾಗಿಲ್ಲವಾದ್ದರಿಂದ ಅದನ್ನು ಮೊದಲೇ ನನ್ನ ಪಕ್ಕದ ಚಾರ್ಜರಿಗೆ ಹಾಕಿದ್ದರು. ಸ್ಟೇಷನರಿ ಅಂಗಡಿಯೆದುರು ಇಳಿದು ಒಳಗೆ ಹೋದರು.

ಅಷ್ಟರಲ್ಲಿ ಹಿಂದಿನಿಂದ ನೀರಿನ ಟ್ಯಾಂಕರಿನವನು ಹಾರ್ನ್ ಹೊಡೆಯತೊಡಗಿದ. ಇಕ್ಕಟ್ಟಿನ ಬೀದಿ. ನಾನು ಗಾಡಿ ತೆಗೆದು ಒಂದು ಸುತ್ತು ಹಾಕಿ ಬಂದೆ. ನಾನು ನಿಂತಿದ್ದ ಜಾಗ ಖಾಲಿಯೇ ಇತ್ತು, ನಿಲ್ಲಿಸಿದೆ. ತುಸು ಹೊತ್ತಿಗೆ ಹಿಂದಿನ ಬಾಗಿಲು ತೆರೆಯಿತು, ಮುಚ್ಚಿತು. "ಯಲ್ಲಾ" ಎಂಬ ದನಿ.

ಗೇರ್ ಹಾಕಿದವನು ಬ್ರೇಕಿನಿಂದ ಕಾಲು ಎತ್ತಲಿಲ್ಲ. ಆ ಊದ್ ಅತ್ತರಿನ ವಾಸನೆ ನಮ್ಮ ಮನೆಯದಲ್ಲ.

"ಮಾಮಾ, ನೀವು ಯಾರು?" ಎಂದೆ, ಗಾಜಿನ ಕಡೆಗೇ ಮುಖ ಮಾಡಿಕೊಂಡು.

"ನಾನು ಯಾರಾ? ನೀನು ಯಾರು? ನನ್ನ ಡ್ರೈವರ್ ಎಲ್ಲಿ?"

ಔಷಧಿ ಅಂಗಡಿಯಿಂದ ಬಂದವರು ಅವರು. ಸಿಟ್ಟಿನಲ್ಲಿ ಅಲ್ಲೇ ಕೂತು ಡ್ರೈವರಿಗೆ ಫೋನು ಹಚ್ಚಿದರು, ಸ್ಪೀಕರಿನಲ್ಲಿ. "ಎಲ್ಲಿ ಸತ್ತಿದ್ದೀಯ?" ಆ ಕಡೆಯಿಂದ ಗಾಬರಿಯ ಅರಬ್ಬಿ: "ಗಾಡಿ ಓಡಿಸ್ತಾ ಇದ್ದೇನೆ ಮಾಮಾ! ನೀವು ಹಿಂದೆಯೇ ಇದ್ದೀರಲ್ಲ!"

ಕಾರ್ಕಳದವನ ದನಿ. ಫೋನಿನ ಕಡೆ ಬಾಗಿ ಕನ್ನಡದಲ್ಲಿ ಕೂಗಿದೆ: "ಏ, ಹಿಂದ ತಿರುಗಿ ನೋಡೋ! ಯಾರನ್ನ ಕೂಡಿಸ್ಕೊಂಡು ಹೊಂಟೀಯೋ ನೀ?"

"ಹಿಂದೆ ನೋಡ್ಲಿಕ್ಕೆ ಆಗ್ತದಾ ಮಾರಾಯ್ರೆ, ಹೆಂಗಸ್ರು!"

"ಅಕಿ ನಮ್ಮ ಮಾಮಾ ಅದಾಳೋ! ಪರೀಕ್ಷಾ ಅದ ಅಕೀದು! ಹೊಳ್ಳಿ ಬಾ!"

"ಅಯ್ಯೋ ದೇವ್ರೇ" ಎಂದ. ಬ್ರೇಕಿನ ಸದ್ದು ಇಲ್ಲಿಗೆ ಕೇಳಿಸಿತು.

ಆದದ್ದು ಇಷ್ಟೆ. ನಾನು ಸುತ್ತು ಹಾಕುವ ಹೊತ್ತಿಗೆ ಕಾರ್ಕಳದವನು ತನ್ನ ಮಾಮಾನನ್ನು ಇಳಿಸಿ ನನ್ನ ಜಾಗದಲ್ಲಿ ನಿಂತಿದ್ದ. ನಮ್ಮ ಮಾಮಾ ಹೊಸ ಕ್ಯಾಲ್ಕುಲೇಟರಿನ ಗುಂಡಿ ಒತ್ತುತ್ತ ಹೊರಬಂದು, ಇಳಿದ ಜಾಗದಲ್ಲಿದ್ದ ಬಿಳಿ ಗಾಡಿ ಹತ್ತಿ, ಯಲ್ಲಾ ಎಂದರು. ಅವನು ಹೊರಟ. ಅವನು ಹೋಗಬೇಕಿದ್ದದ್ದು ವಕ್ರಾ ಊರಿಗೆ, ಅವನ ಮಾಮಾನ ಮಗಳ ಮನೆಗೆ. ಪರದೆಯ ಹಿಂದೆ ಸೂತ್ರ ಜಪಿಸುತ್ತಿದ್ದ ಇವರು, ನಾನೇ ಸುತ್ತು ಹಾಕುತ್ತಿದ್ದೇನೆಂದುಕೊಂಡು ತಲೆ ಎತ್ತಲಿಲ್ಲ. ಹಿಂದಿನವರು ಏನೋ ಗುಣುಗುಣು ಎನ್ನುತ್ತಿದ್ದುದನ್ನು ಕೇಳಿ ಅವನು ಪ್ರಾರ್ಥನೆ ಇರಬೇಕೆಂದು ರೇಡಿಯೋ ಸಹ ಆರಿಸಿದ್ದನಂತೆ.

ಅವನು ಹೈವೇಯಲ್ಲಿ ಯು-ಟರ್ನ್ ಸಿಗದೆ ಬಹಳ ದೂರ ಹೋಗಿ ತಿರುಗಬೇಕಾಯಿತು. ನಾವು ಕಾಲೇಜಿನ ಗೇಟಿಗೇ ಹೋಗಿ ಕಾದೆವು. ಆ ಇನ್ನೊಬ್ಬ ಮಾಮಾ ಮೊದಲು ಬೈದರು, ಆಮೇಲೆ ನಕ್ಕರು, ಪರೀಕ್ಷೆಯ ವಿಷಯ ತಿಳಿದ ಮೇಲೆ ಗೇಟಿನ ಕಡೆ ನೋಡುತ್ತ ಕೂತರು. ಶುರುವಾಗಿ ಅರ್ಧ ಗಂಟೆ ದಾಟಿದರೆ ಪರೀಕ್ಷೆಗೆ ಬಿಡುವುದಿಲ್ಲ. ಬಿಳಿ ಗಾಡಿ ಬಂದಾಗ ಆ ಹೊತ್ತು ಮೀರಿತ್ತು. ಮಾಮಾ ಇಳಿದು ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಆ ಒಂದು ಸಲ. ಸ್ವಲ್ಪ ಹೊತ್ತಿಗೆ ನಡೆದುಕೊಂಡು ವಾಪಸು ಬಂದರು.

ಗಾಡಿಯಲ್ಲಿ ಕೂತು ಬಾಗಿಲು ಹಾಕಿಕೊಂಡರು. ಯಲ್ಲಾ ಎನ್ನಲಿಲ್ಲ. ಕಾರ್ಕಳದವನು ಕಿಟಕಿಯ ಹೊರಗೆ ಕೈ ಮುಗಿದುಕೊಂಡು ನಿಂತಿದ್ದ, ಅಳುವ ಹಾಗಿದ್ದ. ಕೊನೆಗೆ ಮಾಮಾ ಹೇಳಿದರು: "ಮನೆಯಲ್ಲಿ ಹೇಳುವವಳು ನಾನು. ನೀವಿಬ್ಬರೂ ಬಾಯಿ ತೆರೆಯಬೇಡಿ."

ಆ ಸಂಜೆ ನಾನು ಅಂಗಳದಲ್ಲಿ ಗಾಡಿ ತೊಳೆಯುತ್ತಿದ್ದೆ. ಮನೆಯವರೆಲ್ಲ ಚಹಾಕ್ಕೆ ಹೊರಗೆ ಕೂತಿದ್ದರು. ಪರೀಕ್ಷೆ ಹೇಗಾಯಿತೆಂದು ಹಿರಿಯ ಮಗ ಕೇಳಿದ.

"ಹೋಯಿತು. ಫೇಲು" ಎಂದರು ಮಾಮಾ.

"ಇಷ್ಟು ಬೇಗ ಹೇಗೆ ಗೊತ್ತಾಯಿತು?"

"ಬರೆದವಳಿಗೆ ಗೊತ್ತಾಗುವುದಿಲ್ಲವಾ? ಏನೂ ಬರಲಿಲ್ಲ."

ಮೊಮ್ಮಕ್ಕಳು ಹೋ ಎಂದು ನಕ್ಕವು. ಒಬ್ಬ ಹುಡುಗ ಅಜ್ಜಿಗೆ ತಾನೇ ಗಣಿತ ಹೇಳಿಕೊಡುತ್ತೇನೆಂದ. ಮಗನೂ ನಕ್ಕ, ಪ್ರೀತಿಯಿಂದಲೇ. "ಸಾಕು ಯುಮ್ಮಾ, ಖಲಾಸ್ ಮಾಡು. ಈ ವಯಸ್ಸಿಗೆ ತಲೆಗೆ ಹತ್ತುವುದಿಲ್ಲ."

ನಾನು ಪೈಪು ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಬಂದೆ. ಆ ಕೈ ಮೇಲೆದ್ದಿತು, ಅಂಗೈ ನನ್ನ ಕಡೆಗೆ. ನಿಂತುಬಿಟ್ಟೆ. ಮಾಮಾ ಮಗನಿಗೆ ಹೇಳಿದರು: "ಫೇಲಾದವಳು ಮತ್ತೆ ಕೂರುತ್ತಾಳೆ. ಆ ಕಾಲೇಜು ಇರುವುದೇ ಅದಕ್ಕೆ. ಎರಡನೇ ಸಲ ಬಂದವರನ್ನು ಅಲ್ಲಿ ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲ."

ಮಾರನೆಯ ದಿನ ಗಾಡಿಯಲ್ಲಿ ನಾನೇ ಮಾತು ತೆಗೆದೆ. ನಿಜ ಹೇಳಿದ್ದರೆ ಅವಮಾನವೇನಿತ್ತು ಎಂದೆ.

"ನಿಜ ಹೇಳಿದರೆ ಏನಾಗುತ್ತಿತ್ತು ನೋಡು" ಎಂದರು. "ತಾಯಿ ಯಾರದೋ ಗಾಡಿಯಲ್ಲಿ, ಯಾರದೋ ಡ್ರೈವರ್ ಜೊತೆ ವಕ್ರಾ ದಾರಿ ಹಿಡಿದಳು ಎಂದು ಮಾತಾಗುತ್ತಿತ್ತು. ನಿನ್ನನ್ನು ನಿನ್ನ ಊರಿಗೆ ಕಳಿಸುತ್ತಿದ್ದರು. ಆ ಬಡಪಾಯಿಯನ್ನು ಅವನ ಊರಿಗೆ. ನನ್ನನ್ನು ಮನೆಯಲ್ಲಿ ಕೂರಿಸುತ್ತಿದ್ದರು. ಮೂವರಿಗೂ ರಜೆ! ಫೇಲು ಎಂದರೆ ನಗುತ್ತಾರೆ, ಅಷ್ಟೆ."

ನಾನು ಮಾನಕ್ಕೆ ಅಂಜುವ ಮನುಷ್ಯ. ಬಾರದ್ದನ್ನು ಬಾರದು ಎಂದು ಒಪ್ಪಿಕೊಳ್ಳುವುದೇ ನನಗೆ ಕಷ್ಟ. ಚೆನ್ನಾಗಿ ಬರುವುದನ್ನು ಬಾರದು ಎಂದು ತುಂಬಿದ ಮನೆಯೆದುರು ಹೇಳಿ, ಆಮೇಲೆ ಬಂದವರೆದುರೆಲ್ಲ ಅದೇ ಮಾತು ಹೇಳಿಸಿಕೊಳ್ಳುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಅವರು ಕೈ ಚಾಚಿ, ಕನ್ನಡಿಯನ್ನು ಕೆಳಗೆ ತಿರುಗಿಸು ಎಂದು ತೋರಿಸಿದರು. ತಿರುಗಿಸಿದೆ. ನಿಖಾಬಿನ ನಡುವೆ ಎರಡು ಕಣ್ಣು, ಓದುವ ಕನ್ನಡಕದ ಹಿಂದೆ. "ಇನ್ನು ಮೇಲೆ ಈ ಕನ್ನಡಕ ಕಂಡರೆ ಮಾತ್ರ ಗಾಡಿ ಬಿಡು" ಎಂದರು.

ಮುಂದಿನ ಸೆಮಿಸ್ಟರಿನಲ್ಲಿ ಅದೇ ಪಾಠಕ್ಕೆ, ತಮ್ಮ ಮೊಮ್ಮಗಳ ವಯಸ್ಸಿನವರ ಜೊತೆ ಮತ್ತೆ ಕೂತರು. ಈ ಸಲ ಇನ್ನೊಬ್ಬರೂ ಕಾಲೇಜಿಗೆ ಸೇರಿದ್ದರು: ಔಷಧಿ ಅಂಗಡಿಯಿಂದ ಬಂದು ನನ್ನ ಗಾಡಿ ಹತ್ತಿದ್ದ ಆ ಮಾಮಾ. ಅವರ ಸೊಸೆಯ ತರಗತಿ ಮೇಲಿನ ಮಹಡಿಯಲ್ಲಿ, ಇವರದು ಕೆಳಗೆ. ಕಾರ್ಕಳದವನು ಗೊಣಗಿದ: "ಒಬ್ರನ್ನು ಬಿಡ್ಲಿಕ್ಕೆ ಬರ್ತಿದ್ದೆ, ಈಗ ಇಬ್ರು. ನಿಮ್ಮ ಮಾಮಾನ್ನ ಕರ್ಕೊಂಡು ಹೋದ ತಪ್ಪಿಗೆ ನಂಗೆ ಡಬಲ್ ಡ್ಯೂಟಿ." ಆ ಇಬ್ಬರು ಹೆಂಗಸರು ಒಟ್ಟಿಗೆ ಗೇಟಿನಿಂದ ಹೊರಬಂದು, ನಮ್ಮಿಬ್ಬರ ಗಾಡಿಗಳ ನಡುವೆ ನಿಂತು ಬೇಕೆಂದೇ ಯಾವುದು ಯಾರದು ಎಂದು ಚರ್ಚೆ ಮಾಡುತ್ತಿದ್ದರು.

ಮಾಮಾ ಪಾಸಾದರು, ಒಳ್ಳೆಯ ಅಂಕಗಳಲ್ಲೇ. ಡಿಪ್ಲೊಮಾ ಕೊಡುವ ಸಭೆ ಹೆಂಗಸರದೇ, ನಾವು ಹೊರಗೆ. ಮುಗಿದ ಮೇಲೆ ಬಂದು ಕೂತರು, ಏದುಸಿರು ಬಿಡುತ್ತಿದ್ದರು. "ಕೂಗಿದರು" ಎಂದರು. "ನನ್ನ ಹೆಸರು, ಆಮೇಲೆ ನನ್ನ ಅಪ್ಪನ ಹೆಸರು. ಅಷ್ಟೆ. ನಾನು ತಕ್ಷಣ ಎದ್ದೆ. ಎರಡನೇ ಸಲ ಕೂಗಿಸಿಕೊಳ್ಳಲಿಲ್ಲ."

ಕೆಲಸ ಬದಲಿಸಲು ಕಾನೂನು ಸಡಿಲವಾದ ಮೇಲೆ ನಾನು ಒಂದು ಸಾರಿಗೆ ಕಂಪನಿಗೆ ಬಸ್ ಡ್ರೈವರಾಗಿ ಹೋದೆ. ಮಗನಿಗೆ ಬೇಸರವಾಯಿತು. "ಹೋಗಲಿ ಬಿಡು, ಅವನಿಗೆ ದೊಡ್ಡ ಗಾಡಿ ಓಡಿಸುವ ಆಸೆ" ಎಂದು ಮಾಮಾ ಸಮಾಧಾನ ಮಾಡಿದರು. ಹೊರಡುವ ದಿನ ಖರ್ಜೂರದ ಡಬ್ಬಿ ಕೊಟ್ಟರು. ಈದ್‌ಗೆ ಫೋನು ಮಾಡುತ್ತಿದ್ದೆ. ಕಳೆದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಸಾವಿನ ಸುದ್ದಿ ಕಾರ್ಕಳದವನಿಂದ ತಿಳಿಯಿತು.

ಮುಐದರ್‌ನ ಮನೆಯೆದುರು ಗಂಡಸರಿಗಾಗಿ ಡೇರೆ ಹಾಕಿದ್ದರು. ನಾವಿಬ್ಬರೂ ಹೋಗಿ ಕೊನೆಯ ಸಾಲಿನಲ್ಲಿ ಕೂತೆವು. ಹಿರಿಯ ಮಗ ನನ್ನನ್ನು ಗುರುತಿಸಿ ತಾನೇ ಗಾವಾ, ಅರಬ್ಬಿ ಕಾಫಿ, ಬಗ್ಗಿಸಿ ಕೊಟ್ಟ. ಬಂದವರ ಹತ್ತಿರ ತಾಯಿಯ ಮಾತಾಡುತ್ತಿದ್ದ: ಅವಳ ಅಡುಗೆ, ಅವಳ ದಾನ, ಅವಳ ಹಟ. "ಎಂಥ ಹಟ ಗೊತ್ತಾ? ಗಣಿತದಲ್ಲಿ ಒಂದೂ ತಿಳಿಯದೆ ಫೇಲಾಗಿ ಬಂದಳು. ನಾವೆಲ್ಲ ನಕ್ಕೆವು. ಮತ್ತೆ ಹೋಗಿ ಕೂತಳು!" ಅವನ ಕಣ್ಣಲ್ಲಿ ನೀರಿತ್ತು. ಕೇಳಿದವರು ದೇವರು ಅವಳನ್ನು ಕರುಣಿಸಲಿ ಎಂದು ಮುಗುಳ್ನಕ್ಕರು.

ಕಾರ್ಕಳದವನು ಮೊಣಕೈಯಿಂದ ತಿವಿದ. "ಹೇಳಿ ಮಾರಾಯ್ರೆ. ಈಗ ಹೇಳಿದ್ರೆ ಎಂತ ಆಗ್ತದೆ? ನಮ್ಮನ್ನೇನು ಊರಿಗೆ ಕಳಿಸ್ಲಿಕ್ಕೆ ಉಂಟಾ?"

"ಬ್ಯಾಡೋ" ಎಂದೆ. "ಹೇಳೂದು ನಂದು ಅಂದಿದ್ಲು ಅಕಿ."

ಇನ್ನೊಂದು ಲೋಟ ಕುಡಿದು ಎದ್ದು ಬಂದೆವು.

ಆದರೆ ಯಾರೋ ಒಬ್ಬರು ಎಲ್ಲಾದರೂ ಇದನ್ನು ಬರೆದಿಡಬೇಕು. ಅವರು ಫೇಲಾಗಿರಲಿಲ್ಲ. ಆ ದಿನ ದಾರಿಯುದ್ದಕ್ಕೂ ಎಲ್ಲ ಸೂತ್ರಗಳನ್ನೂ ಅವರು ತಪ್ಪಿಲ್ಲದೆ ಹೇಳಿದ್ದನ್ನು ಕೇಳಿದವನು ನಾನು. ಅವರ ಮಗನಿಗೆ ಕನ್ನಡ ಬಾರದು, ಆದ್ದರಿಂದ ಕೊಟ್ಟ ಮಾತು ಮುರಿದ ಹಾಗೂ ಆಗಲಿಲ್ಲ.

ನನ್ನ ಹತ್ತಿರ ಈಗ ಇರುವುದು ಇಷ್ಟು: ಹೆವಿ ಲೈಸೆನ್ಸ್ ಒಂದು, ನನ್ನ ಮೇಲ್ವಿಚಾರಣೆಯಲ್ಲಿ ಬಸ್ಸು ಆರು, ಗದಗಿನಲ್ಲಿ ಕಟ್ಟಿಸಿದ ಮನೆ ಒಂದು, ಬಿ.ಕಾಂ. ಓದುವ ಮಗಳು ಒಬ್ಬಳು, ಇವೆಲ್ಲಕ್ಕೂ ಮೂಲವಾಗಿ, ಅವರ 'ಫೇಲು' ಎಂಬ ಮಾತಿನಿಂದ ಅವತ್ತು ಹೋಗದೆ ಉಳಿದ ಕೆಲಸ ಒಂದು.